ಎಡೆಯ ಜಿಲೇಬಿ

ಹನ್ನೊಂದನೆಯ ದಿನದ ಎಡೆಗೆ ಸತ್ತವರ ಇಷ್ಟದ ತಿಂಡಿಯನ್ನೆಲ್ಲ ಬಡಿಸಬೇಕು. ಅತ್ತೆ ಜಿಲೇಬಿ ತರಿಸಿದ್ದರು.

"ಕದ್ದು ಕದ್ದು ತಿಂದು ಜೀವ ಕಳ್ಕೊಂಡ. ಇವತ್ತಾದ್ರೂ ಎದುರಿಗೇ ತಿನ್ಲಿ," ಎಂದರು.

ಅವಳು ಎಡೆಯ ಎಲೆಗೆ ಜಿಲೇಬಿ ಬಡಿಸಿದಳು. ವರ್ಷವಿಡೀ ಗಂಡ ಸೊರಗುತ್ತಲೇ ಹೋಗಿದ್ದ. ಮಾತ್ರೆ ಹೆಚ್ಚಿಸಿದರೂ ಸಕ್ಕರೆ ಇಳಿದಿರಲಿಲ್ಲ. "ಮನೇಲಿ ಪಥ್ಯ ಸರಿಯಿಲ್ಲಮ್ಮ," ಎಂದು ಬೀದಿಯ ಕ್ಲಿನಿಕ್ಕಿನ ಡಾಕ್ಟರು ಗದರಿದ ಮೇಲೆ ಅವಳು ಅವನಿಗೆ ಅನ್ನ ನಿಲ್ಲಿಸಿ, ಅಡುಗೆಮನೆಗೆ ಬೀಗ ಹಾಕಿದ್ದಳು. ಏನೂ ತಿಂದಿಲ್ಲವೆಂದು ಆಣೆಯಿಟ್ಟು ಸಾಕಾಗಿ, ಒಂದು ದಿನ ಅವನೇ, "ಹೌದು ಕಣೇ, ಜಿಲೇಬಿ ತಿಂದೆ. ಈಗಲಾದ್ರೂ ಬಿಡು," ಎಂದಿದ್ದ.

ದೀಪ ಹಚ್ಚುವ ಹೊತ್ತಿಗೆ, ಅವನು ಕೊನೆಯುಸಿರೆಳೆದ ಆಸ್ಪತ್ರೆಯ ಡಾಕ್ಟರು ಫೋನು ಮಾಡಿದರು.

"ರಕ್ತಪರೀಕ್ಷೆಯ ರಿಪೋರ್ಟು ಬಂತಮ್ಮ. ಇದು ಮಾತ್ರೆಗೆ ಬಗ್ಗೋ ಸಕ್ಕರೆ ಕಾಯಿಲೆ ಅಲ್ಲ. ಇನ್ಸುಲಿನ್ ತಯಾರಾಗೋ ಜಾಗವನ್ನ ಅವರ ದೇಹವೇ ಹಾಳು ಮಾಡ್ತಿತ್ತು. ಮೊದಲೇ ಇನ್ಸುಲಿನ್ ಇಂಜೆಕ್ಷನ್ ಶುರು ಮಾಡಿದ್ರೆ ಬದುಕ್ತಿದ್ರು."

"ಜಿಲೇಬಿ ತಿಂದದ್ದಕ್ಕಲ್ವಾ?"

"ಉಪವಾಸ ಇದ್ದಿದ್ರೂ ಸಕ್ಕರೆ ಏರ್ತಿತ್ತಮ್ಮ."

ಅವಳು ಎಲೆಯಿಂದ ಜಿಲೇಬಿ ಎತ್ತಿಟ್ಟಳು.

"ಇದೇನೇ ಇದು, ಅವನಿಗಿಷ್ಟ ಅಂತ ತರಿಸಿದ್ದು!"

"ಇನ್ನೊಂದಿಷ್ಟು ಅನ್ನ ಬಡಿಸಿ ಅತ್ತೆ. ಹಸ್ಕೊಂಡೇ ಹೋದ್ರು."