ಜನವರಿ ಇಪ್ಪತ್ತಾರರ ಸ್ಲ್ಯಾಬು

“ಹೋದ ವರ್ಷನೂ ಸ್ಲ್ಯಾಬ್ ಅದ ಅಂತ ಹಿಂಗೇ ಅಂದಿದ್ದಿ,” ಎಂದಳು ಸಪ್ನಾ. ಅಷ್ಟೇ. ಬಗ್ಗಿ ಬಿಳಿ ಬೂಟಿನ ದಾರ ಬಿಗಿದುಕೊಂಡು ತಗಡಿನ ಶೆಡ್ಡಿನಿಂದ ಶಾಲೆಯ ಕಡೆ ಹೊರಟೇಹೋದಳು. ಒಂಬತ್ತನೇ ತರಗತಿಯ ಆ ಹುಡುಗಿ ಇಂದಿನ ಗಣರಾಜ್ಯೋತ್ಸವದ ಪರೇಡಿನಲ್ಲಿ ತನ್ನ ಶಾಲೆಯ ಹುಡುಗಿಯರ ಮುಂದಾಳು. ಚೌಕದ ಸ್ಟೇಜಿನ ಎದುರು ಮೊದಲ ಸಾಲಿನಲ್ಲೇ ನಿಂತಿರುತ್ತೇನೆ ಎಂದು ತಾಯಿ ತಿಪ್ಪವ್ವ ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದಳು. ಈಗ ನೋಡಿದರೆ ಅವಳು ದುಡಿಯುವ ಕಟ್ಟಡಕ್ಕೆ ಇವತ್ತೇ ಸ್ಲ್ಯಾಬು ಹಾಕುವುದಿತ್ತು.

ತಿಪ್ಪವ್ವ ಒಳ್ಳೆಯ ಸೀರೆಯನ್ನೇ ಉಟ್ಟು, ಮೇಲೆ ಕೆಲಸದ ಅಂಗಿ ತೊಟ್ಟಳು. ನಡುವೆ ಬಿಟ್ಟರೆ ಅಂಗಿ ಬಿಚ್ಚೆಸೆದು ಓಡಬಹುದು. ಕೂಲಿಗಳ ಮೇಲ್ವಿಚಾರಕ, ಮುಕಾದಮ ಮಾಂತು ಮಿಕ್ಸರಿನ ಮುಂದೆ ತೆಂಗಿನಕಾಯಿ ಒಡೆಯುವ ಮೊದಲು ಹೋಗಿ ಕೇಳಿಯೂ ನೋಡಿದಳು.

“ಮಾಂತಣ್ಣ, ಅರ್ಧಾ ತಾಸ ಬಿಡ್ರಿ. ಚೌಕಿಗೆ ಓಡಿ ಹೋಗಿ ಓಡಿ ಬರ್ತೀನಿ.”

“ಹೆಂಗ ಬಿಡ್ಲಿ ತಂಗೆವ್ವ? ಎಲ್ಲಾ ಕಡಿ ಸೂಟಿ ಅದ, ಅದಕ್ಕs ಇವತ್ತ ಮಿಕ್ಸರ್ ಸಿಕ್ಕದ. ಒಮ್ಮಿ ಮಾಲ್ ಸುರು ಆತಂದ್ರ ಮುಗಿಯೋತನ ನಿಂದರಂಗಿಲ್ಲ. ನಡುವ ನಿಂತ್ರ ಜೋಡ ಬೀಳ್ತದ, ಮಳಿಗಾಲಕ್ಕ ಸೋರ್ತದ. ಆಮ್ಯಾಲ ಸಾಹೇಬ ನನ್ನ ತೊಗಲ ಸುಲೀತಾನ.”

ಹೀಗೆ ಎಂಟು ಗಂಟೆಗೆ ಬಿಬವೇವಾಡಿಯ ಆ ಒಳರಸ್ತೆಯಲ್ಲಿ ಮಿಕ್ಸರು ಗರಗರ ತಿರುಗತೊಡಗಿತು. ಕೆಳಗಿನಿಂದ ಎರಡನೆಯ ಅಂತಸ್ತಿನವರೆಗೆ ಬಿದಿರಿನ ಅಟ್ಟಣಿಗೆಯ ಮೇಲೆ ಹನ್ನೆರಡು ಮಂದಿಯ ಸಾಲು. ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿ ಕೈಯಿಂದ ಕೈಗೆ ಏರುತ್ತಿತ್ತು. ತಿಪ್ಪವ್ವ ಸಾಲಿನ ನಡುವೆ ಇದ್ದಳು. ಅವಳ ಮೇಲಿನ ಮೆಟ್ಟಿಲಲ್ಲಿ ನೆರೆಯ ಶೆಡ್ಡಿನ ರಂಗೂಬಾಯಿ.

“ಯಾಕ ಮಾರಿ ಸಣ್ಣ ಮಾಡೀದಿಬೇ?” ಬುಟ್ಟಿ ಎತ್ತಿಕೊಳ್ಳುತ್ತ ರಂಗೂಬಾಯಿ ಛೇಡಿಸಿದಳು. “ಪರೇಡ್ ಇದೇ ಹಾದೀಲೆ ಬರ್ತದ. ಆ ಫ್ಲ್ಯಾಟಿನ ಮಂದಿಗಿಂತ ನಮಗs ಚಂದ ಕಾಣಸ್ತದ. ತಿಕೀಟ ಇಲ್ಲದ ಬಾಲ್ಕನಿ ನಮ್ದು!”

“ನೋಡ್ಲಿಕ್ಕೆ ಕಣ್ಣಿಗೆ ಪುರಸೊತ್ತರೆ ಬೇಕಲ್ಲಬೇ,” ಎಂದಳು ತಿಪ್ಪವ್ವ. ಒಂದು ಬುಟ್ಟಿ ಮೇಲೆ ದಾಟಿಸುವಷ್ಟರಲ್ಲಿ ಇನ್ನೊಂದು ಮೊಣಕಾಲಿಗೆ ಬಂದು ತಾಗುತ್ತಿತ್ತು. ಕಣ್ಣು ತಪ್ಪಿದರೆ ಮಾಲು ಕಾಲ ಮೇಲೆ.

ಒಂಬತ್ತೂವರೆಗೆ ತಿರುವಿನಾಚೆ ಡೋಲು ಕೇಳಿಸಿತು. ಬಾಲ್ಕನಿಗಳು ತುಂಬಿದವು. ಎದುರಿನ ಅಂಗಡಿಯವನು ಜಿಲೇಬಿಯ ಬಾಣಲೆಯ ಉರಿ ಸಣ್ಣ ಮಾಡಿ ಮೆಟ್ಟಿಲಿಗೆ ಬಂದು ನಿಂತ. ಅಜ್ಜಿಯೊಬ್ಬರು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಮೊಮ್ಮಗಳ ಕೈಯ ಕಾಗದದ ಬಾವುಟ ಇಸಿದುಕೊಂಡು ತಾವೇ ಬೀಸತೊಡಗಿದರು. ಮೊದಲು ಲೇಜಿಮ್ ಆಡುವ ಪುಟ್ಟ ಮಕ್ಕಳು ಹಾದರು. ಅವರ ಹಿಂದೆ ಬಿಳಿ ಸಮವಸ್ತ್ರದ ಪರೇಡು, ಮೂರು ಮೂರರ ಸಾಲು, ಎಲ್ಲರಿಗಿಂತ ಮುಂದೆ ಒಬ್ಬಳೇ ಒಬ್ಬಳು.

“ಬಂದ್ಳಬೇ, ಬಂದ್ಳು! ಅಯ್ಯಯ್ಯ, ಹೆಂಗ ಎದಿ ಸೆಟಿಸಿ ನಡ್ಯಾಕತ್ತಾಳ ನೋಡು, ಕಲೆಕ್ಟರ್ ಬಾಯಿ ಹಂಗ!”

ತಿಪ್ಪವ್ವ ಬುಟ್ಟಿ ದಾಟಿಸಿ ಕತ್ತೆತ್ತಿದಳು. ಬಿಳಿ ಬೂಟು ಕಂಡವು. ಇನ್ನೊಂದು ಬುಟ್ಟಿ. ಮತ್ತೆ ಕತ್ತೆತ್ತಿದಳು. ಮಗಳ ಮುಖ ಕಂಡಿತು, ಆದರೆ ಅದು ನೇರ ಮುಂದಕ್ಕೆ ನೆಟ್ಟಿತ್ತು. ಸಪ್ನಾ ಈ ಕಡೆ ಹೊರಳಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡಳು ತಾಯಿ. ಇಳಿಯುವುದಾದರೂ ಹೇಗೆ? ಎರಡು ವರ್ಷ, ಎರಡು ಸ್ಲ್ಯಾಬು. ಇನ್ನು ಹತ್ತು ಹೆಜ್ಜೆ ಹಾಕಿದರೆ ಪರೇಡು ಕಟ್ಟಡ ದಾಟಿಬಿಡುತ್ತದೆ.

ಆಗ ಮಿಕ್ಸರಿನ ಸದ್ದನ್ನೂ ಸೀಳಿ ಒಂದು ದನಿ ಎದ್ದಿತು.

“ಬಾಯೇಂ... ದೇಖ್!”

ಎಡಕ್ಕೆ ನೋಡಿರೆಂಬ ಸಪ್ನಾಳ ಆಜ್ಞೆಗೆ ಹುಡುಗಿಯರು ಒಂದು ಹೆಜ್ಜೆ ತಡವರಿಸಿದರು. ಸ್ಟೇಜು ಇರುವುದು ಬಲಕ್ಕೆ, ಅದೂ ಮುಂದಿನ ಚೌಕದಲ್ಲಿ. ಅವರು ತಿಂಗಳಿಡೀ ಕಲಿತದ್ದು ಬಲಕ್ಕೆ ಕತ್ತು ಹೊರಳಿಸುವುದನ್ನೇ. ಕೊನೆಯ ಸಾಲಿನ ಒಬ್ಬಳಂತೂ ರೂಢಿಯಂತೆ ಬಲಕ್ಕೇ ತಿರುಗಿ ಜಿಲೇಬಿ ಅಂಗಡಿಯವನನ್ನು ಕಣ್ಣರಳಿಸಿ ನೋಡಿದಳು. ಉಳಿದವರೆಲ್ಲ ಆಜ್ಞೆ ಕೇಳಿದಂತೆ ಎಡಕ್ಕೆ, ಕಟ್ಟಡದ ಕಡೆಗೆ ಮುಖ ಮಾಡಿದರು. ಸಪ್ನಾಳ ಬಲಗೈ ಹಣೆಗೇರಿ ನಿಂತಿತು. ಅವಳ ಕಣ್ಣು ಅಟ್ಟಣಿಗೆಯ ನಡುವಿನ ಮೆಟ್ಟಿಲಿನ ಮೇಲಿತ್ತು.

“ಅಗಂ ಸಪ್ನಾ, ಸ್ಟೇಜ್ ಪುಢೇ ಆಹೇ, ಪುಢೇ!” ಸ್ಟೇಜು ಇನ್ನೂ ಮುಂದಿದೆಯೆಂದು ಟೀಚರು ಗಾಬರಿಯಾಗಿ ಓಡೋಡಿ ಬಂದರು. ಸಪ್ನಾ ಕೈ ಇಳಿಸಲಿಲ್ಲ. ಕಟ್ಟಡದ ಈ ತುದಿಯಿಂದ ಆ ತುದಿಯವರೆಗೆ ಪರೇಡು ಎಡಕ್ಕೇ ಮುಖ ಮಾಡಿ ನಡೆಯಿತು.

ಅಟ್ಟಣಿಗೆಯ ಮೇಲೆ ಎಲ್ಲರ ಕೈ ನಿಂತವು. ತಿಪ್ಪವ್ವನ ಎರಡೂ ಕೈಯಲ್ಲಿ ತುಂಬಿದ ಬುಟ್ಟಿ. ತಿರುಗಿ ಸಲಾಮು ಹೊಡೆಯಲು ಕೈ ಖಾಲಿಯಿಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ. ಅವಳ ಬೆನ್ನು ಮಾತ್ರ ತಾನಾಗಿ ನೆಟ್ಟಗಾಯಿತು.

“ಮಾಲ್ ಯಾಕ ನಿಂತದ?” ಮೇಲಿನಿಂದ ಗೌಂಡಿ ಕಿಶೋರ ಕೂಗಿದ.

“ಸುಮ್ನಿರಲೇ, ಒಂದs ನಿಮಿಷ!” ಎಂದು ಗದರಿದ ಮಾಂತು, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಬೂಟಿನ ಸದ್ದು ಚೌಕದತ್ತ ಸಾಗಿತು. ರಂಗೂಬಾಯಿಗೆ ಇನ್ನೂ ಬಗೆಹರಿದಿರಲಿಲ್ಲ.

“ಅಲ್ಲಬೇ, ಅಷ್ಟೂ ಹುಡುಗ್ಯಾರು ಸಲಾಮ್ ಕೊಟ್ಟಿದ್ದು ಯಾರಿಗೆ? ಯಾವ ದೊಡ್ಡ ಸಾಹೇಬ ಬಂದು ನಿಂತಾನ ನಮ್ಮ ಹಿಂದ?” ಎನ್ನುತ್ತ ಸೆರಗು ಸರಿಮಾಡಿಕೊಂಡು ಹೊರಳಿ ನೋಡಿದಳು.

ಹಿಂದೆ, ಇನ್ನೂ ಗಿಲಾವು ಕಾಣದ ಇಟ್ಟಿಗೆಯ ಗೋಡೆಯೊಂದೇ ಇತ್ತು.