ಮಿಕ್ಕ ಒಂದು ತಟ್ಟೆ

ಬರಬೇಕಾದವನು ಬಂದೇ ಬಿಟ್ಟ.

ಕಿಟಕಿಯಿಂದ ಅವನನ್ನು ಮೊದಲು ಕಂಡವಳು ಭುವನಾ. ಹಣೆಗೆ ವಿಭೂತಿ, ಮಾಸಲು ಬಿಳಿ ಅಂಗಿ, ಕಂಕುಳಲ್ಲಿ ಬಟ್ಟೆಯ ಚೀಲ. ತೆರೆದೇ ಇದ್ದ ಗೇಟನ್ನು ಎರಡು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಿದ. ಎದುರಿನ ರಸ್ತೆಯಲ್ಲಿ ಮಧುಗಿರಿ ಕಡೆಯ ಖಾಸಗಿ ಬಸ್ಸೊಂದು ಹಾರನ್ ಬಡಿದುಕೊಂಡು ಹೋಯಿತು. ಅದು ಮರೆಯಾಗುವ ತನಕ ನಿಂತಿದ್ದು ಒಳಗೆ ಬಂದ. ಆಗ ಗಂಟೆ ಹನ್ನೊಂದೂವರೆ.

ತನಿಖೆಗೆ ಬಂದವನು ಇವನೇ ಎಂದು ಭುವನಾ ತೀರ್ಮಾನಿಸಿದಳು. ಅವಳು ಕೊರಟಗೆರೆಯಲ್ಲಿ ನಡೆಸುತ್ತಿದ್ದ 'ಕಿಲಕಿಲ ಬೇಸಿಗೆ ಶಿಬಿರ'ವನ್ನು ನೋಡಲು ಈ ವಾರ ಇಲಾಖೆಯಿಂದ ಯಾರೋ ಹೇಳದೆ ಕೇಳದೆ ಬರುತ್ತಾರೆಂದು ಪರಿಚಯದವರೊಬ್ಬರು ಮೊನ್ನೆಯೇ ಕಿವಿ ಕಚ್ಚಿದ್ದರು. ಬಂದವರು ಒಳ್ಳೆಯ ವರದಿ ಬರೆದರೆ ಜೂನ್‌ನಿಂದ ಶಿಶುವಿಹಾರಕ್ಕೆ ಅನುಮತಿ. ಇಲ್ಲದಿದ್ದರೆ ಅವಳ ಎರಡು ವರ್ಷದ ಓಡಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕಳಿಸಲು ಇಂಥ ಮುದುಕನೇ ಸಿಕ್ಕನೇ? ಚಪ್ಪಲಿಗೆ ಎರಡು ಕಡೆ ಹೊಲಿಗೆ ಬೇರೆ. ಆದರೂ ಅಧಿಕಾರಿಯ ಹೆಸರು ಕೇಳುವುದು ಮರ್ಯಾದೆಯಲ್ಲ, ಕುರ್ಚಿ ಹಾಕುವುದು ಮರ್ಯಾದೆ. ಫ್ಯಾನಿನ ಕೆಳಗೇ ಹಾಕಿದಳು. ಮಕ್ಕಳ ಕೋಣೆಯ ಫ್ಯಾನು ಕೆಟ್ಟು ಮೂರು ದಿನವಾಗಿತ್ತು.

"ಮಕ್ಕಳನ್ನ ಹೆಂಗೆ ನೋಡ್ಕೊತೀರಾ ಅಂತ ನೋಡಾನ ಅಂತ ಬಂದೆ ಕಣಮ್ಮ," ಎಂದ ಮುದುಕ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

"ಧಾರಾಳವಾಗಿ ನೋಡಿ ಸರ್. ಮೂವತ್ತೊಂದು ಮಕ್ಕಳು. ಎಲ್ಲರಿಗೂ ನಂಬರ್ ಹಾಕಿರೋ ಹಳದಿ ಟೋಪಿ ಕೊಟ್ಟಿದ್ದೀವಿ. ದಿನಕ್ಕೆ ಮೂರು ಸಲ ಎಣಿಸ್ತೀವಿ."

ಮೂರು ಸಲವಂತೆ! ಈ ಮಹಾತಾಯಿ ಹಾಜರಿ ಹಾಕುತ್ತಿದ್ದದ್ದು ವಾರಕ್ಕೊಂದು ಸಲ. ಸೋಮವಾರ ಬೆಳಿಗ್ಗೆ ಆರೂ ದಿನದ್ದನ್ನು ಒಟ್ಟಿಗೆ ಬರೆದು ಕೈ ತೊಳೆದುಕೊಳ್ಳುತ್ತಿದ್ದಳು.

ಮುದುಕ ಎದ್ದುಹೋಗಿ ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತ. ಮಕ್ಕಳು ಬೆವರಿಕೊಂಡು ಟಿವಿಯ ಮುಂದೆ ಕೂತಿದ್ದವು. ಗೋಡೆಯ ಮೇಲೆ 'ಯೋಗ, ಚಿತ್ರಕಲೆ, ಜೇಡಿಮಣ್ಣಿನ ಕಲೆ' ಎಂದು ಬಣ್ಣಬಣ್ಣದ ಪಟ್ಟಿ. ಜೇಡಿಮಣ್ಣು ಮೂಟೆಯಲ್ಲೇ ಒಣಗಿ ಕಲ್ಲಾಗಿತ್ತು. ಹೊರಗೆ ತಳುಕು, ಒಳಗೆ ಹುಳುಕು. ಮುದುಕನ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಡ್ಯೂಟಿಗೆ ಬಂದಲ್ಲೂ ಜಪವೇ ಎಂದು ಭುವನಾ ಒಳಗೊಳಗೇ ನಕ್ಕಳು.

"ಮೂವತ್ತೊಂದು ಅಂದ್ರಲ್ಲ?"

"ಬೇಕಾದ್ರೆ ಎಣಿಸಿ ಸರ್."

"ಎಣಿಸ್ದೆ," ಎಂದು ಮುದುಕ ಮತ್ತೆ ಬಂದು ಕೂತ.

ಅಷ್ಟೇ ಹೇಳಿ ಸುಮ್ಮನಾದದ್ದು ಕಂಡು ಭುವನಾಳಿಗೆ ಧೈರ್ಯ ಬಂತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಗಿಸಿ, ಫೋಟೊ ತೆಗೆದು ಹೆತ್ತವರ ವಾಟ್ಸಾಪ್ ಗುಂಪಿಗೆ ಹಾಕಿದಳು: 'ನಿಮ್ಮ ಮುತ್ತುಗಳು ನಮ್ಮ ಮಡಿಲಲ್ಲಿ.' ಮತ್ತೆ ಟಿವಿ ಹಾಕಿದಳು.

ಒಂದು ಗಂಟೆಗೆ ಆಯಾ ಚಿಕ್ಕಕ್ಕ ಚಿತ್ರಾನ್ನ ಹಂಚಿದಳು. ಅಡುಗೆ, ಗೇಟು, ಮಕ್ಕಳ ಮೂಗು, ಎಲ್ಲಕ್ಕೂ ಅವಳೊಬ್ಬಳೇ. ಹಂಚಿ ಮುಗಿಸಿ, ತುಂಬಿದ ತಟ್ಟೆಯೊಂದನ್ನು ಹಿಡಿದುಕೊಂಡು ಬಂದಳು.

"ಮೇಡಂ, ಒಂದ್ ತಟ್ಟೆ ಮಿಕ್ಬುಟ್ಟೈತೆ. ನಾನು ಸರಿಯಾಗೇ ಎಣಿಸಿ ಬಡಿಸಿದ್ದೆ…"

"ನಿನಗೆ ಎಣಿಸೋಕೆ ಯಾವತ್ತು ಬಂದಿದೆ ಚಿಕ್ಕಕ್ಕಾ? ಹೋಗಲಿ, ಸರ್‌ಗೆ ಕೊಡು."

ಮುದುಕ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಉಣ್ಣಲಿಲ್ಲ. "ಇದು ಮಗಿನ ಪಾಲು. ನಾನು ಹೆಂಗೆ ಉಣ್ಲಮ್ಮ?"

"ಮಕ್ಕಳದ್ದೆಲ್ಲ ಆಯ್ತು ಸರ್. ಇದು ಹೆಚ್ಚಿಗೆ."

ಅವನು ತಟ್ಟೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಇನ್ನೊಂದು ತಟ್ಟೆ ಮುಚ್ಚಿದ. ಕಂಡವರ ಮನೆಯಲ್ಲಿ ಉಣ್ಣದ ಮಡಿವಂತನಿರಬೇಕು, ಎಂಥ ಬೂಟಾಟಿಕೆ ಎಂದುಕೊಂಡಳು ಭುವನಾ.

ಎರಡಾಯಿತು. ಮೂರಾಯಿತು. ಗೋಡೆಯ ಗಡಿಯಾರವನ್ನೂ ಅವಳ ಮುಖವನ್ನೂ ಸರದಿಯಂತೆ ನೋಡುತ್ತ ಮುದುಕ ಕೂತೇ ಇದ್ದ. ಮನೆಯಲ್ಲಿ ಸೊಸೆ ಫ್ಯಾನು ಹಾಕಿಕೊಡುವುದಿಲ್ಲವೇನೋ, ಇಲ್ಲಿ ಬಂದು ಬೇರುಬಿಟ್ಟಿದ್ದಾನೆ.

"ಇನ್ನೇನಾದರೂ ನೋಡಬೇಕಿತ್ತಾ ಸರ್?"

"ಅದ್ನೇ ನೋಡ್ತಾ ಇವ್ನಿ ಕಣಮ್ಮ. ನಿನ್ ಕೆಲ್ಸ ನೀನು ಮಾಡು."

ನಾಲ್ಕಕ್ಕೆ ಗೇಟಿನಲ್ಲಿ ಸ್ಕೂಟರುಗಳ ಗದ್ದಲ. ಭುವನಾ ನಿಂತಲ್ಲಿಂದಲೇ ಎಲ್ಲರಿಗೂ ಕೈಬೀಸಿದಳು. ಕಾಲು ಗಂಟೆಯಲ್ಲಿ ಶಿಬಿರ ಖಾಲಿಯಾಯಿತು. ಅವಳು ಹಾಜರಿ ಪುಸ್ತಕ ತಂದು ಮುದುಕನ ಮುಂದೆ ಹರಡಿದಳು. ಮೂವತ್ತೊಂದು ಹೆಸರು, ಮೂವತ್ತೊಂದು 'ಹಾಜರ್', ಮೂವತ್ತೊಂದು 'ಮನೆಗೆ ತಲುಪಿಸಲಾಗಿದೆ'.

"ಎಲ್ಲಾ ಮಕ್ಳೂ ಹೋದ್ವಾ?"

"ಎಲ್ಲರೂ ಹೋದರು ಸರ್. ಮನೆಯವರ ಕೈಗೇ ಒಪ್ಪಿಸೋದು ನಮ್ಮ ಪದ್ಧತಿ."

ಮುದುಕನ ಬೆರಳು ಪುಟದ ಮೇಲೆ ಇಳಿದು ಹದಿನೇಳರಲ್ಲಿ ನಿಂತಿತು. "ಈ ಭವ್ಯ ಅನ್ನೋ ಕೂಸು? ಐದು ವರ್ಷ ಅಂತ ಬರ್ದೀರಿ."

ಭುವನಾಳಿಗೆ ಆ ಮುಖ ನೆನಪಿಗೆ ಬರಲಿಲ್ಲ. ಬರದಿದ್ದರೇನು, ನಾಲಗೆಗೆ ಎಲುಬಿಲ್ಲ. "ಅಯ್ಯೋ, ತುಂಬಾ ಚೂಟಿ ಸರ್ ಅವಳು! ಇವತ್ತು ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡಳು. ಈಗ ತಾನೇ ಅವರ ತಾತ ಬಂದಿದ್ದರು, ನಾನೇ ಕೈಹಿಡಿದು ಒಪ್ಪಿಸಿದೆ. ಪಾಪ, ಕೈಮುಗಿದು ಹೋದರು."

ಮುದುಕ ಚೀಲಕ್ಕೆ ಕೈಹಾಕಿದ. ಹದಿನೇಳು ನಂಬರಿನ ಹಳದಿ ಟೋಪಿಯನ್ನು ಹೊರತೆಗೆದು, ಮುಚ್ಚಿಟ್ಟ ತಟ್ಟೆಯ ಮೇಲಿಟ್ಟ.

"ಆ ತಾತ ನಾನೇ ಕಣಮ್ಮ. ಹನ್ನೊಂದು ಗಂಟೆಗೇ ಅವ್ಳು ಬಸ್ಸಿನ ರಸ್ತೆ ದಾಟ್ಕೊಂಡು ಒಬ್ಳೇ ಮನೆಗೆ ಬಂದ್ಬುಟ್ಲು. ನೀವು ಯಾವಾಗ ಹುಡುಕ್ತೀರೋ ನೋಡಾನ ಅಂತ ಆಗ್ಲಿಂದ ಕುಂತಿವ್ನಿ."