ಎಡಕ್ಕೆ ಎರಡು ಹೆಜ್ಜೆ

"ಡಾಕ್ಟ್ರೇ, ಇದೊಂಚೂರು ನೋಡಿ," ಎಂದು ಹೆಂಗಸೊಬ್ಬಳು ಎಕ್ಸ್‌ರೇಯನ್ನು ಅವರ ಮೂಗಿನೆದುರು ಹಿಡಿದಳು. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರು ಅದನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನೋಡಿ, "ನಾನು ಡಾಕ್ಟ್ರಲ್ಲಮ್ಮ," ಎಂದು ವಾಪಸು ಕೊಟ್ಟರು. ಅವಳು ನಂಬಲಿಲ್ಲ. ಪಾಪ, ಅವಳ ತಪ್ಪೇನು? ಕಪ್ಪು ಬಿಳುಪಿನ ಕಾಲದಿಂದ ಅರವತ್ತೆರಡು ಸಿನಿಮಾಗಳಲ್ಲಿ ಅವರು ಬರೀ ಡಾಕ್ಟರೇ. ಜನ ಅವರಿಗಿಟ್ಟ ಹೆಸರೇ ಸಾರಿ ಡಾಕ್ಟರು.

ಎಲ್ಲ ಸಿನಿಮಾದಲ್ಲೂ ಕೆಲಸ ಒಂದೇ. ಬಾಗಿಲು ತೆರೆದು ಹೊರಗೆ ಬರುವುದು, ಕನ್ನಡಕ ತೆಗೆಯುವುದು, "ಸಾರಿ, ನಮ್ಮ ಕೈಲಾದದ್ದೆಲ್ಲ ಮಾಡಿದೆವು," ಎನ್ನುವುದು, ಎಡಕ್ಕೆ ಎರಡು ಹೆಜ್ಜೆ ಇಟ್ಟು ಕ್ಯಾಮೆರಾದಿಂದ ಆಚೆ ಹೋಗುವುದು. ಒಬ್ಬನೇ ಒಬ್ಬ ರೋಗಿಯನ್ನು ಉಳಿಸಿದ್ದರೆ ಕೇಳಿ! ಬಿಳಿ ಕೋಟು ಮಾತ್ರ ಅವರ ಸ್ವಂತದ್ದು. ಅದನ್ನು ಒಗೆದು ಇಸ್ತ್ರಿ ಮಾಡಿ ಕಳಿಸುತ್ತಿದ್ದವಳು ಹೆಂಡತಿ. ಇವತ್ತು ಬೆಳಿಗ್ಗೆ ಅವಳನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ಯುವಾಗ ತನ್ನ ಕನ್ನಡಕ ತೆಗೆದು ಇವರ ಕೈಗೆ ಕೊಟ್ಟು, "ದಮ್ಮಯ್ಯ, ನೀವು ಬಾಗಿಲ ಹತ್ರ ನಿಲ್ಲಬೇಡಿ. ನಿಮ್ಮ ಕೈಗುಣ ಊರಿಗೇ ಗೊತ್ತು," ಎಂದಿದ್ದಳು. ಅದಕ್ಕೇ ಅವರು ಬಾಗಿಲಿಗೆ ಬೆನ್ನು ಹಾಕಿ ನಾಲ್ಕು ತಾಸಿನಿಂದ ಕೂತಿದ್ದರು.

ಬಾಗಿಲು ತೆರೆಯಿತು. ಅವರು ಎದ್ದು ತಿರುಗಿದರು. ಮಾಸ್ಕ್ ಹಾಕಿಕೊಂಡು ಹೊರಗೆ ಬಂದ ಡಾಕ್ಟರು ಇನ್ನೂ ಎಳೆ ಹುಡುಗ. ಇವರ ಮುಖ ಕಂಡದ್ದೇ ತಡ, ಗಕ್ಕನೆ ನಿಂತ.

"ಸರ್... ಅದು... ಬಿಪಿ ಸ್ವಲ್ಪ... ನಾವು..."

"ಏನಾಯ್ತು ಹೇಳ್ರೀ!" ಎಂದು ಪಕ್ಕದಲ್ಲಿ ಕೂತಿದ್ದ ಬಾಮೈದ ಎದ್ದು ನಿಂತ.

ಸಾರಿ ಡಾಕ್ಟರಿಗೆ ಎಲ್ಲ ತಿಳಿದುಹೋಯಿತು. ಆದರೂ, ಇಷ್ಟು ವರ್ಷದ ಅಭ್ಯಾಸ ನೋಡಿ, ಎದುರಿಗಿದ್ದವನು ಡೈಲಾಗು ತಪ್ಪಿದರೆ ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

"ಮೊದಲನೇ ಸಲವೇನಪ್ಪಾ?"

"ಹೂಂ ಸರ್."

"ನೆಲ ನೋಡಬೇಡ. ನೆಲ ನೋಡಿದ್ರೆ ನಿನ್ನದೇ ತಪ್ಪು ಅನ್ಕೋತಾರೆ. ಮೊದಲು ಕನ್ನಡಕ ತೆಗಿ."

"ನಾನು ಕನ್ನಡಕ ಹಾಕಲ್ಲ ಸರ್."

"ಹಾಗಾದ್ರೆ ಮಾಸ್ಕ್ ತೆಗಿ. ಮನಸ್ಸಲ್ಲೇ ಮೂರು ಎಣಿಸು. ಹೆಗಲ ಮೇಲೆ ಕೈ ಇಡು, ಆಮೇಲೆ ಹೇಳು. ಬಿಪಿ ಗಿಪಿ ಎಲ್ಲ ಬೇಡ."

"ಭಾವ, ಇದೇನ್ ಮಾಡ್ತಿದ್ದೀರಿ ನೀವು!"

"ಇರೋ. ಸರಿಯಾಗಿ ಹೇಳ್ಲಿ. ನಿಮ್ಮಕ್ಕನ ವಿಷಯ ಅದು."

ಹುಡುಗ ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮತ್ತೆ ತೆರೆದು ಬಂದ. ಮಾಸ್ಕ್ ಇಳಿಸಿದ. ಮೂರು ಎಣಿಸಿದ. ಕೈಯನ್ನು ಅವರ ಹೆಗಲ ಮೇಲಿಟ್ಟ.

"ಸಾರಿ ಸರ್. ನಮ್ಮ ಕೈಲಾದದ್ದೆಲ್ಲ ಮಾಡಿದೆವು."

ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಎಡಕ್ಕೆ ಎರಡು ಹೆಜ್ಜೆ ಇಟ್ಟು ಹೊರಟುಹೋದ.

"ಚೆನ್ನಾಗಿ ಹೇಳಿದ," ಎಂದರು ಸಾರಿ ಡಾಕ್ಟರು.

ಬಾಮೈದ ಗೋಡೆ ಹಿಡಿದು ಗೊಳೋ ಎಂದು ಅತ್ತ. ಅತ್ತು, ಮೂಗೊರೆಸಿಕೊಂಡು ತಿರುಗಿ ನೋಡಿದರೆ, ಭಾವ ಹೆಂಡತಿಯ ಕನ್ನಡಕ ಹಿಡಿದುಕೊಂಡು ಅಲ್ಲೇ, ಅದೇ ಜಾಗದಲ್ಲಿ ನಿಂತಿದ್ದರು.

"ಕೂತ್ಕೊಳ್ಳಿ ಭಾವ."

"ಕೂತ್ಕೋತಾರಾ?" ಅವರು ಉದ್ದನೆಯ ಕಾರಿಡಾರನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದರು. "ಸುದ್ದಿ ಕೇಳಿದವ್ರು ಆಮೇಲೆ ಏನ್ ಮಾಡ್ತಾರೋ? ನಂಗೊತ್ತಿಲ್ಲ ಕಣೋ. ಯಾವಾಗ್ಲೂ ಇಷ್ಟೊತ್ತಿಗೆ ನಾನು ಹೊರಟುಹೋಗಿರ್ತಿದ್ದೆ."